ಅಗಲ ಬಾಗಿಲಿನ ಶೌಚಾಲಯ: ಮಕ್ಕಳೊಂದಿಗರಿಗೆ ಕೆಲವು ಮಾತು

ಈ ಸಲ ಬರೆಯಹೊರಟಿರುವ ವಿಷಯ ಸ್ವಲ್ಪ ಸಂಕೋಚದ್ದು. ವಾಚನಾಲಯದ ಪತ್ರಿಕೆಯಲ್ಲಿ ಶೌಚಾಲಯದ ಮಾತೇಕೆ ಎಂದು ಹಿರಿಯರು ಹುಬ್ಬು ಗಂಟಿಕ್ಕಬಹುದು. ಆದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಓಡಾಡುವ ನಮ್ಮಂಥವರಿಗೆ ಇದು ಪ್ರತಿ ಭಾನುವಾರದ ತೊಂದರೆ. ಮುಚ್ಚಿಟ್ಟರೆ ಯಾರಿಗೂ ಲಾಭವಿಲ್ಲ. ಆದುದರಿಂದ ನಾವೇ ಮಾಡಿದ ಒಂದು ತಪ್ಪಿನಿಂದ ಪ್ರಾರಂಭಿಸುತ್ತೇವೆ.

ಕಳೆದ ದಸರೆಯ ದಿನ ಗಿರಣಿಗೆ ರಜೆಯಿತ್ತು. ಮನೆಯವರು ಹೆರಿಗೆಗೆಂದು ಊರಿಗೆ ಹೋಗಿದ್ದರು. ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ನಾವು ಅಣ್ಣನ ಮನೆಗೆ ಹೊರಟಿದ್ದೆವು. ರೈಲಿನಿಂದ ಇಳಿಯುವಷ್ಟರಲ್ಲಿ ಮಗು “ಅಪ್ಪಾ, ಎರಡಕ್ಕೆ” ಎಂದಳು. ಗಂಡಸರ ಕಡೆ ಉದ್ದ ಸಾಲು, ನೆಲವೆಲ್ಲ ನೀರು. ಹೆಂಗಸರ ಕಡೆ ನಾವು ಕಾಲಿಡುವಂತಿಲ್ಲ. ನಡುವೆ ಗಾಲಿಕುರ್ಚಿಯ ಚಿತ್ರವಿದ್ದ ಒಂದು ಬಾಗಿಲು, ಒಳಗೆ ಯಾರೂ ಇಲ್ಲ. ಮಗುವನ್ನು ಎತ್ತಿಕೊಂಡು ಒಳಹೊಕ್ಕೆವು.

ಅಲ್ಲಿಯ ತನಕ ತಪ್ಪೇನೂ ಇರಲಿಲ್ಲ. ಮಗುವಿನ ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಆದರೆ ಜಾಗ ವಿಶಾಲವಾಗಿತ್ತು, ನಲ್ಲಿಯಲ್ಲಿ ನೀರಿತ್ತು. ಮಗಳ ಮುಖ ತೊಳೆದು, ಹೊಸ ಫ್ರಾಕು ತೊಡಿಸಿ, ಜಡೆ ಬಿಚ್ಚಿ ಮತ್ತೆ ಹಾಕಿ, ನಡುವೆ ಬಂದ ಫೋನಿಗೆ ಉತ್ತರವನ್ನೂ ಕೊಟ್ಟೆವು. ಯಾರೋ ಎರಡು ಸಲ ಬಾಗಿಲು ತಟ್ಟಿದರು. “ಬಂದೆವು” ಎಂದು ಕೂಗಿ ಜಡೆಯನ್ನು ಮುಗಿಸಿದೆವು. ಬಾಗಿಲು ತೆರೆದಾಗ ಎದುರಿಗೆ ಗಾಲಿಕುರ್ಚಿಯಲ್ಲಿ ಸುಮಾರು ಐವತ್ತು ವಯಸ್ಸಿನ ಒಬ್ಬರಿದ್ದರು. ತೊಡೆಯ ಮೇಲಿನ ಚೀಲವನ್ನು ಎರಡೂ ಕೈಗಳಿಂದ ಒತ್ತಿ ಹಿಡಿದಿದ್ದರು. ಚೀಲದ ಕೆಳಗೆ ಅವರ ಪ್ಯಾಂಟು ಒದ್ದೆಯಾಗಿತ್ತು. ನಾವು ಕ್ಷಮೆ ಕೇಳಿದೆವು. ಅವರು ಮಗುವನ್ನು ನೋಡಿ ಮರಾಠಿಯಲ್ಲಿ “ಅಸೂ ದ್ಯಾ, ಲೇಕರೂ ಆಹೇ” ಎಂದರು. ಇರಲಿ ಬಿಡಿ, ಮಗು ತಾನೇ ಎಂದರ್ಥ. ಬೈದಿದ್ದರೆ ನಾವು ಅದನ್ನು ಎಂದೋ ಮರೆತುಬಿಡುತ್ತಿದ್ದೆವೇನೋ.

ಆ ಮೇಲೆ ಈ ವಿಷಯವನ್ನು ಸ್ವಲ್ಪ ಓದಿ ಕೇಳಿ ತಿಳಿದುಕೊಂಡೆವು. ತಿಳಿದಷ್ಟನ್ನು ವಾಚಕರ ಮುಂದಿಡುತ್ತೇವೆ.

ಆ ಬಾಗಿಲಿನ ಮೇಲಿರುವ ಗಾಲಿಕುರ್ಚಿಯ ಚಿತ್ರ ಇಂದು ಲೋಕವೆಲ್ಲ ಬಲ್ಲ ಗುರುತು. 1968ರಲ್ಲಿ ಸುಸಾನೆ ಕೋಫೋಡ್ ಎಂಬ ಡೆನ್ಮಾರ್ಕಿನ ವಿದ್ಯಾರ್ಥಿನಿ ಅದರ ಮೊದಲ ರೂಪವನ್ನು ಬರೆದಳು. ಮರುವರ್ಷ ತಲೆಯ ಜಾಗದಲ್ಲಿ ಒಂದು ದುಂಡು ಸೇರಿಸಿ ಅದನ್ನು ಅಂತರರಾಷ್ಟ್ರೀಯ ಗುರುತಾಗಿ ಒಪ್ಪಿದರು. ನಮ್ಮ ಕಡೆಯ ಫಲಕಗಳಲ್ಲಿ ಚಿತ್ರದ ಜೊತೆಗೆ ಮರಾಠಿಯಲ್ಲಿ ‘ದಿವ್ಯಾಂಗ’ ಎಂದು ಬರೆದಿರುವುದುಂಟು. ನಾವು ವಿಕಲಚೇತನರು ಎನ್ನುವವರನ್ನೇ ಇಲ್ಲಿ ಹಾಗೆ ಕರೆಯುತ್ತಾರೆ.

ಕೋಣೆ ದೊಡ್ಡದಾಗಿರುವುದು ಆಡಂಬರಕ್ಕಲ್ಲ. ಗಾಲಿಕುರ್ಚಿ ಒಳಗೆ ಬರಬೇಕಾದರೆ ಬಾಗಿಲಿನ ತೆರಪು 900 ಮಿಲಿಮೀಟರಾದರೂ ಬೇಕು. ಒಳಗೆ ಬಂದ ಕುರ್ಚಿ ತಿರುಗಲು 1500 ಮಿಲಿಮೀಟರು, ಅಂದರೆ ಸುಮಾರು ಐದು ಅಡಿಯ ಬಯಲು ಬೇಕು. ಕುರ್ಚಿಯಿಂದ ಕಮೋಡಿಗೆ ಜರುಗಲು ಗೋಡೆಗೆ ಸರಳು ಬೇಕು. ಇಷ್ಟು ಅನುಕೂಲ ಬೇರೆ ಯಾವ ಶೌಚಾಲಯದಲ್ಲಿಯೂ ಇಲ್ಲದಿರುವುದರಿಂದ ಅವರಿಗೆ ಎರಡನೆಯ ಬಾಗಿಲು ಎಂಬುದೇ ಇಲ್ಲ. ನಮಗೆ ಮೂರು ಬಾಗಿಲುಗಳಲ್ಲಿ ಒಂದು ಮುಚ್ಚಿದ್ದರೆ ಇನ್ನೆರಡು ಉಂಟು. ಅವರಿಗೆ ಇರುವುದು ಒಂದೇ.

ಕಾಯುವುದರಲ್ಲಿಯೂ ವ್ಯತ್ಯಾಸವುಂಟು. ಬೆನ್ನುಹುರಿಗೆ ಪೆಟ್ಟು ಬಿದ್ದವರಲ್ಲಿ ಅನೇಕರಿಗೆ ಮೂತ್ರದ ಹಿಡಿತವಿರುವುದಿಲ್ಲ. ಕೆಲವರು ಹೊತ್ತುಹೊತ್ತಿಗೆ ನಳಿಕೆ ಹಾಕಿ ಮೂತ್ರ ತೆಗೆದುಕೊಳ್ಳಬೇಕು. ಅದಕ್ಕೆ ಶುಚಿಯಾದ ಕೈ, ಒಣಗಿದ ಜಾಗ, ಸಾವಧಾನ ಮೂರೂ ಬೇಕು. ಪೆಟ್ಟು ಬೆನ್ನಿನ ಮೇಲ್ಭಾಗದಲ್ಲಿ ಬಿದ್ದಿದ್ದರೆ, ಮೂತ್ರಕೋಶ ತುಂಬಿ ಬಿಗಿದಾಗ ರಕ್ತದ ಒತ್ತಡ ಹಠಾತ್ತಾಗಿ ಏರಿ ತಲೆ ಸಿಡಿಯತೊಡಗುತ್ತದೆ. ಕೂಡಲೇ ಶಮನವಾಗದಿದ್ದರೆ ಪ್ರಾಣಕ್ಕೂ ಅಪಾಯವೆಂದು ವೈದ್ಯಶಾಸ್ತ್ರ ಹೇಳುತ್ತದೆ. ನಾವು ಜಡೆ ಹಾಕುತ್ತಿದ್ದ ಹತ್ತು ನಿಮಿಷ ಹೊರಗೆ ಕಾದವರಿಗೆ ಏನಾಗಿದ್ದಿರಬಹುದು ಎಂಬುದನ್ನು ಇದರಿಂದ ಊಹಿಸಬಹುದು.

ಇದು ನಮಗೆ ಸಂಬಂಧಿಸದ ಯಾರದೋ ಕಷ್ಟವೆಂದು ತಿಳಿಯಲಾಗದು. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಲೋಕಲುಗಳಿಂದ ಬಿದ್ದು ಕೆಲವರು ಪ್ರಾಣ ಕಳೆದುಕೊಂಡರು, ಕೆಲವರು ಗಾಯಗೊಂಡರು. ನಾವು ದಿನವೂ ಬಾಗಿಲಲ್ಲಿ ಜೋತು ಹೋಗುವ ದಾರಿಯೇ ಅದು. ಇಂದು ಕಾಲಿದ್ದವರು ನಾಳೆ ಆ ಅಗಲ ಬಾಗಿಲನ್ನು ಹುಡುಕಬೇಕಾಗಿ ಬರಬಹುದು.

ಹಾಗೆಂದು ಮಕ್ಕಳೊಂದಿಗರ ಕಷ್ಟ ಸುಳ್ಳೆಂದು ನಾವು ಹೇಳುವುದಿಲ್ಲ. ನಮ್ಮ ಲೋಕಲು ರೈಲುಗಳಲ್ಲಿ ಶೌಚಾಲಯವಿಲ್ಲ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಠಾಣೆಗೆ 34 ಕಿಲೋಮೀಟರು, ಕಲ್ಯಾಣಕ್ಕೆ 54ರ ಹತ್ತಿರ. ಮುಂದೆ ಕರ್ಜತ್, ಕಸಾರಾಗಳಿಗೆ ಹೋಗುವವರ ಪಾಡು ಇನ್ನೂ ದೂರದ್ದು. ಎರಡು ಮೂರು ವರ್ಷದ ಮಗು ಮುಂಚಿತವಾಗಿ ನೋಟೀಸು ಕೊಡುವುದಿಲ್ಲ. ಮಗುವಿನ ಬಟ್ಟೆ ಬದಲಿಸಲು ಗಂಡಸರ ಕಡೆ ಹಲಗೆ ಇರುವುದು ಅಪರೂಪ. ಶಿಶುವನ್ನು ನೋಡಿಕೊಳ್ಳುವವಳು ತಾಯಿಯೊಬ್ಬಳೇ ಎಂದು ಕಟ್ಟಡ ಕಟ್ಟಿದವರು ನಂಬಿದಂತಿದೆ. ಅಮೆರಿಕದಲ್ಲಿಯೂ ಇದೇ ಕೊರತೆಯಿತ್ತು. ಅಲ್ಲಿಯ ಕೇಂದ್ರ ಸರ್ಕಾರದ ಸಾರ್ವಜನಿಕ ಕಟ್ಟಡಗಳಲ್ಲಿ ಗಂಡಸರ ಶೌಚಾಲಯಕ್ಕೂ ಅಂಥ ಹಲಗೆ ಇರಬೇಕೆಂದು 2016ರಲ್ಲಿ ಕಾಯಿದೆ ಮಾಡಿದರು. ಇಲ್ಲಿ ಅಂಥ ಅನುಕೂಲ ಬರುವ ತನಕ, ಹೆಣ್ಣುಮಗುವನ್ನು ಕರೆದುಕೊಂಡ ತಂದೆಗೆ ಅಗಲ ಬಾಗಿಲಿನ ಕೋಣೆಯೇ ಎಷ್ಟೋ ವೇಳೆ ಮರ್ಯಾದೆಯ ದಾರಿ. ಕೋಣೆ ಖಾಲಿಯಿದ್ದು ಯಾರೂ ಕಾಯದಿದ್ದರೆ, ಅವಸರಕ್ಕೆ ಅದನ್ನು ಬಳಸುವುದರಲ್ಲಿ ದೋಷವಿಲ್ಲವೆಂದು ನಮ್ಮ ಅಭಿಪ್ರಾಯ.

ಆದರೆ ಅದು ಕಡ ತಂದ ವಸ್ತು. ನಮ್ಮ ವಾಚನಾಲಯದಿಂದ ಪುಸ್ತಕ ಒಯ್ದವರು ಹಾಳೆ ಮಡಿಸದೆ, ಅವಧಿ ಮೀರಿಸದೆ ತಂದುಕೊಡುವಂತೆ ಇದನ್ನೂ ಬಳಸತಕ್ಕದ್ದು. ಅದರ ರೀತಿಯನ್ನು ಒಂದೊಂದಾಗಿ ಹೇಳುತ್ತೇವೆ.

1. ಮೊದಲು ಬೇರೆ ದಾರಿ ನೋಡಬೇಕು. ತಾಯಿಯ ಜೊತೆಗಿರುವ, ನಡೆಯಬಲ್ಲ ಮಗುವಿಗೆ ಹೆಂಗಸರ ಶೌಚಾಲಯವೇ ಸಾಕು. ಹಾಲೂಡಿಸಲು ಅಗಲ ಬಾಗಿಲಿನ ಕೋಣೆಯನ್ನು ಹಿಡಿಯಕೂಡದು. ಶೌಚಾಲಯ ಮಗುವಿನ ಊಟದ ಜಾಗವೂ ಅಲ್ಲ. ಮಹಾರಾಷ್ಟ್ರದ ಎಸ್.ಟಿ. ಬಸ್ ನಿಲ್ದಾಣಗಳಲ್ಲಿ ಇದಕ್ಕೆಂದೇ ‘ಹಿರಕಣಿ ಕಕ್ಷ’ ಎಂಬ ಕೋಣೆಗಳುಂಟು. ಶಿವಾಜಿ ಮಹಾರಾಜರ ಕಾಲದಲ್ಲಿ ರಾಯಗಡದ ಬಾಗಿಲು ಮುಚ್ಚಿದ ಮೇಲೆ, ಮನೆಯಲ್ಲಿದ್ದ ಕೂಸಿಗಾಗಿ ಕತ್ತಲಲ್ಲಿ ಕಡಿದಾದ ಬಂಡೆಯನ್ನು ಇಳಿದ ಗೌಳಗಿತ್ತಿಯ ಹೆಸರು ಹಿರಕಣಿ. ಫಲಕದಲ್ಲಿ ಆ ಹೆಸರು ಕಂಡರೆ ನಮ್ಮ ತಾಯಂದಿರು ಸಂಕೋಚವಿಲ್ಲದೆ ಕೇಳಿ ಹೋಗಬಹುದು.

2. ಒಳಗೆ ಹೋಗುವ ಮುನ್ನ ಸುತ್ತ ನೋಡಬೇಕು. ಗಾಲಿಕುರ್ಚಿಯವರು, ಊರುಗೋಲಿನವರು, ಗೋಡೆ ಹಿಡಿದು ನಡೆಯುವ ವೃದ್ಧರು ಬರುತ್ತಿದ್ದರೆ, ನಾವು ಮೊದಲು ಬಂದಿದ್ದರೂ “ಆಧೀ ತುಮ್ಹೀ ಜಾ”, ಅಂದರೆ ಮೊದಲು ತಾವು ಹೋಗಿ ಎನ್ನಬೇಕು. ಮಗುವಿಗೆ ತಡೆಯಲಾಗದಷ್ಟು ಅವಸರವಾಗಿದ್ದರೆ ಅವರನ್ನು ಕೇಳಬಹುದು. ಒಪ್ಪುವುದು ಬಿಡುವುದು ಅವರ ಇಷ್ಟ.

3. ಕೆಲಸ ಮುಗಿದೊಡನೆ ಹೊರಗೆ ಬರಬೇಕು. ತಲೆ ಬಾಚುವುದು, ಬಿಸ್ಕತ್ತು ತಿನ್ನಿಸುವುದು, ಫೋನು, ಎಲ್ಲವೂ ಹೊರಗೆ. ಯಾರಾದರೂ ಬಾಗಿಲು ತಟ್ಟಿದರೆ “ಬಂದೆ” ಎಂದಷ್ಟೇ ಕೂಗದೆ ಎಷ್ಟು ನಿಮಿಷವೆಂದು ತಿಳಿಸಬೇಕು. ಕಾಯುವವರು ಬೇರೆ ಕಡೆ ಹೋಗಬೇಕೋ ಬೇಡವೋ ಎಂದು ಆಗ ನಿಶ್ಚಯಿಸಬಲ್ಲರು.

4. ನೆಲವನ್ನು ಒಣಗಿದಂತೆ ಬಿಟ್ಟು ಬರಬೇಕು. ನಾವು ನೀರು ಸುರಿದರೆ ಶುಚಿ ಎಂದು ನಂಬಿದವರು. ಆದರೆ ಊರುಗೋಲಿನ ರಬ್ಬರು ಒದ್ದೆ ನೆಲದ ಮೇಲೆ ಜಾರುತ್ತದೆ. ಕೈಯಿಂದ ಗಾಲಿ ತಳ್ಳುವವರ ಅಂಗೈಗೆ ಆ ಕೊಳೆನೀರೇ ಹತ್ತುತ್ತದೆ. ಮಗುವನ್ನು ಕಮೋಡಿನ ಮೇಲೆ ಚಪ್ಪಲಿಗಾಲಲ್ಲಿ ಕೂರಿಸಕೂಡದು. ಮುಂದೆ ಬರುವವರು ಅಲ್ಲಿಯೇ ಮೈಯೂರಿ ಕೂತುಕೊಳ್ಳಬೇಕು. ಒಂದು ಹಳೆಯ ಬಟ್ಟೆ ಚೀಲದಲ್ಲಿದ್ದರೆ ಒರಸಲು ಅರ್ಧ ನಿಮಿಷ ಸಾಕು. ಡೈಪರನ್ನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಬೇಕು. ಕಮೋಡಿಗೆ ಹಾಕಿದರೆ ಅದು ಉಬ್ಬಿ ಕೊಳವೆ ಕಟ್ಟುತ್ತದೆ, ಕೋಣೆಗೆ ಬೀಗ ಬೀಳುತ್ತದೆ.

5. ಗೋಡೆಯ ಸರಳು ಮಕ್ಕಳು ಜೋತಾಡುವುದಕ್ಕಲ್ಲ. ಸಡಿಲಾದ ಸರಳನ್ನು ನಂಬಿದವರು ಬೀಳುತ್ತಾರೆ. ಕೆಲವು ಕಡೆ ಕೆಂಪು ದಾರ ಅಥವಾ ಗುಂಡಿ ಇರುತ್ತದೆ. ಒಳಗೆ ಬಿದ್ದವರು ಸಹಾಯಕ್ಕೆ ಕರೆಯುವ ಗಂಟೆ ಅದು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಬೇಕು.

6. ಒಳಗಿನಿಂದ ನಡೆದುಕೊಂಡೇ ಬಂದವರನ್ನು ನೋಡಿ “ಇವರಿಗೇನಾಗಿದೆ” ಎಂದು ಗೊಣಗಕೂಡದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. 1995ರ ಕಾಯಿದೆಯಲ್ಲಿ ಇದ್ದದ್ದು ಏಳು ಮಾತ್ರ. ಈ 21ರಲ್ಲಿ ಕಣ್ಣಿಗೆ ಕಾಣದವೂ ಉಂಟು. ಕರುಳಿನ ಶಸ್ತ್ರಕ್ರಿಯೆಯಾಗಿ ಹೊಟ್ಟೆಯ ಮೇಲೆ ಚೀಲ ಕಟ್ಟಿಕೊಂಡವರು ಹೊರನೋಟಕ್ಕೆ ನಮ್ಮಂತೆಯೇ ಇರುತ್ತಾರೆ. ಖಾರಘರದ ಟಾಟಾ ಕೇಂದ್ರಕ್ಕೆ ಚಿಕಿತ್ಸೆಗೆಂದು ಬರುವವರಲ್ಲಿ ನಮ್ಮ ನಾಡಿನವರೂ ಉಂಟು. ಹಾಗೆಯೇ ಎಂಟು ಹತ್ತು ವರ್ಷದ ಮಗುವನ್ನು ಎತ್ತಿಕೊಂಡು ಬಂದ ತಾಯಿಯನ್ನು “ಇಷ್ಟು ದೊಡ್ಡ ಮಗುವೇ” ಎಂದು ಕೇಳಬಾರದು. ಆ ಮಗುವಿಗೆ ನಡೆಯಲಾಗದಿರಬಹುದು. ಆಗ ಆ ತಾಯಿ ಕೋಣೆಯನ್ನು ಕಡ ಕೇಳುತ್ತಿಲ್ಲ. ಅದು ಅವಳ ಮಗುವಿನದೇ.

ಇನ್ನೊಂದು ಮಾತು. ಕೆಲವು ಕಡೆ ಈ ಕೋಣೆಗೆ ಬೀಗ ಹಾಕಿ ಬೀಗದ ಕೈ ಎಲ್ಲಿದೆಯೆಂದು ಯಾರಿಗೂ ತಿಳಿಯದಿರುವುದುಂಟು. ಕೆಲವು ಕಡೆ ಒಳಗೆ ಪೊರಕೆ, ಬಕೆಟ್ಟು, ಮುರಿದ ಕುರ್ಚಿಗಳನ್ನು ತುಂಬಿರುತ್ತಾರೆ. ನಮಗೆ ಬೇಕಿಲ್ಲದ ದಿನವೂ ಅದನ್ನು ಕಂಡರೆ ಸುಮ್ಮನೆ ಹೋಗಬಾರದು. ರೈಲು ನಿಲ್ದಾಣವಾದರೆ ಸ್ಟೇಷನ್ ಮಾಸ್ತರರಲ್ಲಿ ದೂರಿನ ಪುಸ್ತಕ ಕೇಳಬಹುದು, 139ಕ್ಕೆ ಫೋನು ಮಾಡಬಹುದು. ನಗರದ ಶೌಚಾಲಯವಾದರೆ ಆಯಾ ಮಹಾನಗರಪಾಲಿಕೆಗೆ ಅರ್ಜಿ ಬರೆಯಬಹುದು. ಗುಮಾಸ್ತರಾದ ನಮಗೆ ಅರ್ಜಿ ಬರೆಯುವುದು ಹೊಸತಲ್ಲ. 1909ರಲ್ಲಿ ಓಖಿಲ್ ಚಂದ್ರ ಸೇನ್ ಎಂಬ ಬಂಗಾಳದ ಪ್ರಯಾಣಿಕರು ಶೌಚಕ್ಕೆಂದು ಇಳಿದಿದ್ದಾಗ ರೈಲು ಅವರನ್ನು ಬಿಟ್ಟು ಹೊರಟುಹೋಯಿತು. ಅವರು ಮುರುಕು ಇಂಗ್ಲಿಷಿನಲ್ಲಿಯೇ ಸಾಹೇಬಗಂಜಿನ ರೈಲ್ವೆ ಕಚೇರಿಗೆ ದೂರು ಬರೆದರು. ಕೆಳದರ್ಜೆಯ ಡಬ್ಬಿಗಳಿಗೆ ಶೌಚಾಲಯ ಬಂದುದಕ್ಕೆ ಅದೂ ಒಂದು ಕಾರಣವೆಂದು ಹೇಳುತ್ತಾರೆ. ದೆಹಲಿಯ ರೈಲು ಸಂಗ್ರಹಾಲಯದಲ್ಲಿ ಆ ಪತ್ರವನ್ನು ಪ್ರದರ್ಶಿಸಿದ್ದಾರೆ. ಭಾಷೆ ಬಾರದೆಂಬ ಸಂಕೋಚ ಅವರಿಗೆ ಅಡ್ಡಿಯಾಗಲಿಲ್ಲ, ನಮಗೂ ಆಗಬೇಕಿಲ್ಲ. ಮರಾಠಿಯಲ್ಲಿ ಅರ್ಜಿ ಬೇಕಾದವರು ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ಬಂದರೆ ನಾವು ಬರೆದುಕೊಡುತ್ತೇವೆ. ಸ್ಥಳ, ದಿನ, ಹೊತ್ತು, ಬೀಗವಿತ್ತೇ ಕೊಳವೆ ಕಟ್ಟಿತ್ತೇ ಎಂಬುದನ್ನು ಗುರುತು ಹಾಕಿಕೊಂಡು ಬರಬೇಕು.

ನಮ್ಮ ಮಗಳಿಗೆ ಆ ದಿನದ ಸಂಗತಿ ಪೂರ್ತಿ ತಿಳಿಯಲಿಲ್ಲ. ಆ ಅಜ್ಜನ ಬಟ್ಟೆ ಏಕೆ ಒದ್ದೆಯಾಗಿತ್ತೆಂದು ದಾರಿಯುದ್ದಕ್ಕೂ ಕೇಳಿದಳು. ನಾವು ತಡಮಾಡಿದ್ದರಿಂದ ಎಂದು ಹೇಳಿದೆವು. ಈಗ ಎಲ್ಲಿಯಾದರೂ ಆ ಚಿತ್ರದ ಬಾಗಿಲು ಕಂಡರೆ ಅವಳೇ ಹಿಂತಿರುಗಿ, ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡುತ್ತಾಳೆ.