ಹೊಳೆಗೆ ನೀರು ಬಂದರೆ ದೋಣಿ ಪಂದ್ಯ ರದ್ದು!

1993ರಲ್ಲಿ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್ ಊರಿನ ದೋಣಿ ಪಂದ್ಯ ರದ್ದಾಯಿತು. ಕಾರಣ ಇಷ್ಟೇ: ಹೊಳೆಗೆ ನೀರು ಬಂದಿತ್ತು.

ಆ ಹೊಳೆಯ ಹೆಸರು ಟಾಡ್. ಮ್ಯಾಕ್‌ಡೊನೆಲ್ ಬೆಟ್ಟಸಾಲಿನಲ್ಲಿ ಹುಟ್ಟಿ, ಊರಿನ ಮಗ್ಗುಲಲ್ಲೇ ಹಾದು, ಸಿಂಪ್ಸನ್ ಮರುಭೂಮಿಯ ಕಡೆಗೆ ಸಾಗುತ್ತದೆ. ವರ್ಷದ ಬಹುಪಾಲು ಅದರ ಪಾತ್ರದಲ್ಲಿ ಕಾಣುವುದು ಮರಳು, ನಡುನಡುವೆ ಬೃಹತ್ ನೀಲಗಿರಿ ಜಾತಿಯ ಮರಗಳು. ಜೋರು ಮಳೆ ಹೊಡೆದಾಗ ಮಾತ್ರ ಕೆಲವು ದಿನ ಮೈದುಂಬಿ ಹರಿಯುತ್ತದೆ. ಟಾಡ್ ಹರಿಯುವುದನ್ನು ಮೂರು ಸಲ ಕಂಡವರೇ ನಿಜವಾದ ಊರಿನವರು ಎಂಬ ಮಾತು ಅಲ್ಲಿದೆ. ನಮ್ಮ ಕೋಲಾರದಲ್ಲಿ ಪಾಲಾರ್ ಪಾತ್ರ ನೋಡುತ್ತ ಬೆಳೆದವರಿಗೆ ಈ ಮಾತು ಕೂಡಲೇ ಅರ್ಥವಾದೀತು. ಇನ್ನು ಕಡಲು? ಉತ್ತರದ ಡಾರ್ವಿನ್‌ಗಾಗಲಿ ದಕ್ಷಿಣದ ಅಡಿಲೇಡ್‌ಗಾಗಲಿ ರಸ್ತೆಯಲ್ಲಿ ಸುಮಾರು 1,500 ಕಿಲೋಮೀಟರ್ ಹೋಗಬೇಕು.

ಇಂಥ ಊರಿಗೆ ದೋಣಿ ಪಂದ್ಯದ ಯೋಚನೆ ಕೊಟ್ಟವರು ಹವಾಮಾನ ಕಚೇರಿಯ ರೆಜ್ ಸ್ಮಿತ್. ಹೊಳೆಯಲ್ಲಿ ನೀರಿರುವುದಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಲು ಸಾಧ್ಯ! ಇಂಗ್ಲೆಂಡಿನ ಥೇಮ್ಸ್ ನದಿಯಲ್ಲಿ 1839ರಿಂದ ನಡೆಯುತ್ತ ಬಂದಿರುವ ಹೆನ್ಲಿ ರಾಯಲ್ ರೆಗಾಟಾ ಜಗತ್ಪ್ರಸಿದ್ಧ. ರಾಜಮನೆತನದ ಪೋಷಣೆ, ಕಟ್ಟುನಿಟ್ಟಿನ ಉಡುಪು, ಗಾಂಭೀರ್ಯ ಎಲ್ಲವೂ ಅದಕ್ಕಿವೆ. ಅದನ್ನೇ ಅಣಕಿಸಿ ‘ಹೆನ್ಲಿ-ಆನ್-ಟಾಡ್’ ಎಂದು ಹೆಸರಿಟ್ಟು, 1962ರಲ್ಲಿ ಮೊದಲ ಪಂದ್ಯ ನಡೆಸಿಯೇಬಿಟ್ಟರು. ಊರಿನ ರೋಟರಿ ಕ್ಲಬ್ ಬೆನ್ನಿಗೆ ನಿಂತಿತು.

ಇಲ್ಲಿನ ದೋಣಿಗಳಿಗೆ ತಳವಿಲ್ಲ. ಹಗುರವಾದ ಚೌಕಟ್ಟು ಕಟ್ಟಿ, ಸುತ್ತ ಬಟ್ಟೆಯನ್ನೋ ಹಲಗೆಯನ್ನೋ ಹೊದಿಸಿ, ಬಣ್ಣ ಬಳಿದು, ಹಾಯಿದೋಣಿಯಾದರೆ ಪಟವನ್ನೂ ಏರಿಸುತ್ತಾರೆ. ಸ್ಪರ್ಧಿಗಳು ಒಳಗೆ ಸಾಲಾಗಿ ನಿಂತು ಅದನ್ನು ಸೊಂಟದ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ಸೀಟಿ ಊದಿದೊಡನೆ ಓಟ. ಮರಳಲ್ಲಿ ಒಂಟಿಯಾಗಿ ಓಡುವುದೇ ಕಷ್ಟ. ಇಲ್ಲಿ ಎಲ್ಲರ ಹೆಜ್ಜೆ ಒಂದಾಗಬೇಕು, ದೂರದ ಗುರುತನ್ನು ಸುತ್ತಿ ತಿರುಗಿ ಬರಬೇಕು. ತಿರುವಿನಲ್ಲಿ ಮುಂದಿನವರು ಒಂದು ಕಡೆ ಎಳೆದರೆ ಹಿಂದಿನವರು ಇನ್ನೊಂದು ಕಡೆ ಜಗ್ಗುತ್ತಾರೆ, ಒಬ್ಬರು ಮುಗ್ಗರಿಸಿದರೆ ಇಡೀ ಹಡಗು ಮುಳುಗಿದ ಲೆಕ್ಕ. ದಡದಲ್ಲಿ ನಗೆಯ ಅಲೆ ಏಳುವುದು ಆಗಲೇ. ಪಂದ್ಯದ ಜೀವ ಈ ತಿರುವಿನಲ್ಲಿದೆ ಎಂದು ನನಗನ್ನಿಸುತ್ತದೆ. ಬಲವಿದ್ದ ತಂಡವಲ್ಲ, ಹೊಂದಿಕೊಂಡ ತಂಡ ಇಲ್ಲಿ ಗೆಲ್ಲುತ್ತದೆ. ಅಂಗಡಿಯವರು, ಕಚೇರಿಯ ಸಹೋದ್ಯೋಗಿಗಳು, ಆ ದಿನ ಊರಿಗೆ ಬಂದಿಳಿದ ಪ್ರವಾಸಿಗರು, ಯಾರು ಬೇಕಾದರೂ ತಂಡ ಕಟ್ಟಬಹುದು.

ಸ್ನಾನದ ತೊಟ್ಟಿಯಲ್ಲಿ ಒಬ್ಬರನ್ನು ಕೂರಿಸಿ ಉಳಿದವರು ಹೊತ್ತು ಓಡುವ ಸ್ಪರ್ಧೆಯೂ ಇದೆ. ಸಲಿಕೆಯಿಂದ ಮರಳು ತುಂಬುವ ಪೈಪೋಟಿಯಂತೂ ಈ ಹೊಳೆಗೆ ಹೇಳಿ ಮಾಡಿಸಿದ್ದು.

ಕೊನೆಯಲ್ಲಿ ಮಹಾಯುದ್ಧ. ಮೋಟಾರು ವಾಹನಗಳನ್ನು ಹಡಗಿನಂತೆ ಸಿಂಗರಿಸಿ ಮರಳಿಗೆ ಇಳಿಸುತ್ತಾರೆ. ಒಂದರಲ್ಲಿ ವೈಕಿಂಗರು, ಒಂದರಲ್ಲಿ ಕಡಲ್ಗಳ್ಳರು, ಮತ್ತೊಂದರಲ್ಲಿ ನೌಕಾಪಡೆಯವರು. ಹಿಟ್ಟಿನ ಬಾಂಬುಗಳು ಹಾರುತ್ತವೆ, ನೀರಿನ ಫಿರಂಗಿಗಳು ಚಿಮ್ಮುತ್ತವೆ. ಹೊಳೆಯಲ್ಲಿ ಆ ದಿನ ಕಾಣುವ ನೀರು ಅದೊಂದೇ. ನೋಡಲು ನಿಂತವರೂ ಹಿಟ್ಟು ಮೆತ್ತಿಸಿಕೊಂಡೇ ಮನೆಗೆ ಹೋಗುತ್ತಾರೆ.

ಈ ಗದ್ದಲದ ಹಿಂದೆ ಸ್ವಯಂಸೇವಕರ ದುಡಿಮೆಯಿದೆ. ಪಂದ್ಯದಿಂದ ಬಂದ ಹಣವನ್ನು ರೋಟರಿ ಕ್ಲಬ್ ಸೇವಾಕಾರ್ಯಗಳಿಗೆ ಬಳಸುತ್ತದೆ. ಹೊಳೆ ಹರಿದು ಪಂದ್ಯ ನಿಂತರೆ ನಷ್ಟ ತುಂಬಿಕೊಳ್ಳಲು ವಿಮೆಯನ್ನೂ ಮಾಡಿಸಿದ್ದುಂಟು. ಬೇರೆ ಕಡೆ ನೀರಿಲ್ಲ ಎಂಬ ಭಯ, ಇಲ್ಲಿ ನೀರು ಬಂದೀತೆಂಬ ಭಯ! ಕೊರತೆಯನ್ನು ಗೊಣಗುತ್ತ ಕೂರದೆ ಅದರ ಮೇಲೆಯೇ ಹಬ್ಬ ಕಟ್ಟಿದ ಈ ಜನರ ಬಗ್ಗೆ ನನಗೆ ತುಂಬು ಅಭಿಮಾನವಿದೆ.

ಹೊಳೆಗೆ ಇನ್ನೊಂದು ಹಳೆಯ ಬಾಳೂ ಇದೆ. ಈ ನೆಲ ಅರೆರ್ಂಟೆ ಮೂಲನಿವಾಸಿಗಳದು. ಅವರು ಊರನ್ನು ಕರೆಯುವುದು ಎಂಬಾಂಟ್ವಾ ಎಂದು. ಟಾಡ್ ಎಂಬುದು ಅಡಿಲೇಡ್‌ನಿಂದ ಡಾರ್ವಿನ್‌ವರೆಗಿನ ತಂತಿಮಾರ್ಗವನ್ನು 1872ರಲ್ಲಿ ಪೂರ್ಣಗೊಳಿಸಿದ ಚಾರ್ಲ್ಸ್ ಟಾಡ್ ಮನೆತನದ ಹೆಸರು. ಅವರ ಪತ್ನಿ ಆಲಿಸ್ ಹೆಸರು ಊರಿಗೆ ನಿಂತಿತು. ಹೊಳೆಯ ಪಾತ್ರದಲ್ಲೂ ದಡದಲ್ಲೂ ಅರೆರ್ಂಟೆ ಜನರಿಗೆ ಪವಿತ್ರವಾದ ಮರಗಳು, ತಾಣಗಳು ಇವೆ.

ಪಂದ್ಯದ ಕಾಲ ಆಗಸ್ಟ್, ಅಲ್ಲಿನ ಚಳಿಗಾಲದ ಕೊನೆ, ಹಗಲು ಹಿತವಾಗಿರುತ್ತದೆ. ಸಿಡ್ನಿ, ಮೆಲ್ಬರ್ನ್ ಕಡೆ ಇರುವ ಕನ್ನಡಿಗರು ಆ ವರ್ಷದ ದಿನಾಂಕವನ್ನು ಖಚಿತಪಡಿಸಿಕೊಂಡು ಒಮ್ಮೆ ಹೋಗಿಬನ್ನಿ. ದಡದಲ್ಲಿ ನಿಂತು ನೋಡಿದರೆ ಸಾಲದು, ದೋಣಿಯೊಳಗೆ ನಿಂತು ಓಡಿ. ಆ ಮರಗಳನ್ನೂ ತಾಣಗಳನ್ನೂ ಗೌರವದಿಂದ ಕಾಣಿ.