ವಂಶವೃಕ್ಷ: ಕೊಂಬೆಗಳು ಕೂಡುವ ಮರ

ನಿಮ್ಮ ಮುತ್ತಜ್ಜಿಯರ ಹೆಸರು ನಿಮಗೆ ಗೊತ್ತೇ? ಒಬ್ಬರದ್ದಲ್ಲ, ನಾಲ್ವರದ್ದೂ? ತರಗತಿಯಲ್ಲಿ ಸಂಭವನೀಯತೆಯ ಪಾಠ ಶುರು ಮಾಡುವ ಮುನ್ನ ನಾನು ವಿದ್ಯಾರ್ಥಿಗಳನ್ನು ಈ ಪ್ರಶ್ನೆ ಕೇಳುತ್ತೇನೆ. ತಂದೆಯ ಕಡೆಯ ಅಜ್ಜ, ಮುತ್ತಜ್ಜರ ಹೆಸರುಗಳು ಹೇಗೋ ಬರುತ್ತವೆ. ಮುತ್ತಜ್ಜಿಯರ ವಿಚಾರಕ್ಕೆ ಬಂದಾಗ ತರಗತಿ ಮೌನವಾಗುತ್ತದೆ. ಆಮೇಲೆ ಕಾಗದ, ಪೆನ್ನು ತೆಗೆದುಕೊಳ್ಳಲು ಹೇಳುತ್ತೇನೆ. ನೀವೂ ತೆಗೆದುಕೊಳ್ಳಿ.

ತಂದೆ ತಾಯಿ ಇಬ್ಬರು. ಅಜ್ಜ ಅಜ್ಜಿಯರು ನಾಲ್ವರು. ಅವರ ಹಿಂದಿನವರು ಎಂಟು. ಪ್ರತಿ ತಲೆಮಾರಿಗೂ ಎರಡರಿಂದ ಗುಣಿಸುತ್ತ ಹೋಗಿ. ಹತ್ತನೆಯ ತಲೆಮಾರಿಗೆ 1024. ಇಪ್ಪತ್ತನೆಯದಕ್ಕೆ ಹತ್ತು ಲಕ್ಷ ದಾಟುತ್ತದೆ. ಮೂವತ್ತನೆಯದಕ್ಕೆ 107 ಕೋಟಿಗೂ ಹೆಚ್ಚು! ಒಂದು ತಲೆಮಾರಿಗೆ 25ರಿಂದ 30 ವರ್ಷ ಎಂದುಕೊಂಡರೆ ಇದು ಸುಮಾರು 800 ವರ್ಷಗಳ ಹಿಂದಿನ ಮಾತು. ಆಗ ಇಡೀ ಭೂಮಿಯ ಮೇಲಿದ್ದ ಜನರೇ ನಲವತ್ತು ಕೋಟಿಯ ಆಸುಪಾಸು. ಹಾಗಾದರೆ ಉಳಿದ ಪೂರ್ವಜರು ಎಲ್ಲಿದ್ದರು?

ಗುಣಾಕಾರದಲ್ಲಿ ತಪ್ಪಿಲ್ಲ. ತಪ್ಪಿರುವುದು, ಪ್ರತಿ ಸ್ಥಾನದಲ್ಲೂ ಬೇರೆ ಬೇರೆ ವ್ಯಕ್ತಿ ಇದ್ದಾನೆ ಎಂಬ ನಮ್ಮ ಊಹೆಯಲ್ಲಿ. ಒಬ್ಬನೇ ವ್ಯಕ್ತಿ ಮರದ ಹಲವು ಸ್ಥಾನಗಳಲ್ಲಿ ಕುಳಿತಿರುತ್ತಾನೆ. ನಾವು ಮರ ಎನ್ನುತ್ತೇವೆ. ನಿಜವಾಗಿ ಅದು ಬಲೆ. ಕವಲೊಡೆದ ಕೊಂಬೆಗಳು ಮೇಲೆ ಹೋದಂತೆ ಮತ್ತೆ ಕೂಡಿಕೊಳ್ಳುತ್ತವೆ.

ನಮ್ಮ ಕಡೆ ಇದನ್ನು ನೋಡಲು 800 ವರ್ಷ ಹಿಂದೆ ಹೋಗಬೇಕಿಲ್ಲ. ಸೋದರಮಾವನನ್ನು ಮದುವೆಯಾದ ಹೆಣ್ಣುಮಗಳ ಮಗುವನ್ನು ಗಮನಿಸಿ. ಆ ಮಗುವಿನ ತಂದೆಯ ತಾಯಿ ಯಾರು? ಮಗುವಿನ ತಾಯಿಗೆ ಆಕೆಯೇ ಅಜ್ಜಿ. ಅಂದರೆ ಒಬ್ಬಾಕೆಯೇ ಮಗುವಿಗೆ ಅಜ್ಜಿಯೂ ಹೌದು, ಮುತ್ತಜ್ಜಿಯೂ ಹೌದು. ಸೋದರತ್ತೆಯ ಮಗಳನ್ನೋ ಸೋದರಮಾವನ ಮಗಳನ್ನೋ ಮದುವೆಯಾದರೆ ಮಕ್ಕಳಿಗೆ ಎಂಟು ಮುತ್ತಜ್ಜ ಮುತ್ತಜ್ಜಿಯರ ಬದಲು ಆರೇ ಮಂದಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ಸಂಬಂಧಿಕರ ನಡುವಿನದು. ಆದ್ದರಿಂದ ವಂಶಾವಳಿ ನಮಗೆ ಬರೀ ಅಭಿಮಾನದ ವಸ್ತುವಲ್ಲ.

ನಾನು ಇದರ ಬೆನ್ನು ಹತ್ತಿದ್ದು ಮದುವೆಯ ಮಾತೊಂದರಿಂದ. ನಮ್ಮ ಬಳಗದ ಹುಡುಗಿಗೆ ಬಳಗದ್ದೇ ಹುಡುಗನನ್ನು ನೋಡಿದ್ದರು. ಹುಡುಗಿಯ ತಂದೆಯ ತಂದೆ, ಹುಡುಗನ ತಂದೆಯ ತಾಯಿ ಇಬ್ಬರೂ ಅಣ್ಣ ತಂಗಿ. "ದೂರದ ಸಂಬಂಧ, ಏನೂ ಅಡ್ಡಿಯಿಲ್ಲ" ಎಂದರು ಹಿರಿಯರು. ಆದರೆ ಹುಡುಗಿಯ ಸೋದರಮಾವನ ಮಗನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಹುಡುಗಿ ಓದಿದವಳು. ನನ್ನ ಬಳಿ ಬಂದು, "ಮಾಮಾ, ಬೇರೆ ಕಡೆಯಿಂದಲೂ ಸಂಬಂಧ ಇದೆಯಾ ಅಂತ ಲೆಕ್ಕ ಹಾಕಿ ಹೇಳ್ರಿ" ಎಂದಳು. ಭೌತವಿಜ್ಞಾನದ ಮೇಷ್ಟ್ರಿಗೆ ಇಂಥ ಲೆಕ್ಕ! ಒಪ್ಪಿಕೊಂಡೆ. ಲೆಕ್ಕ ಸುಲಭ. ಕಷ್ಟವಿರುವುದು ದತ್ತಾಂಶದಲ್ಲಿ ಎಂಬುದು ಆಮೇಲೆ ತಿಳಿಯಿತು.

ದತ್ತಾಂಶ ಎಲ್ಲಿ ಸಿಗುತ್ತದೆ? ಜನನ ಮರಣ ನೋಂದಣಿಯ ಈಗಿನ ಕಾಯ್ದೆ 1969ರದು; ಹಳ್ಳಿಗಳಲ್ಲಿ ಅದಕ್ಕೂ ಹಿಂದಿನ ದಾಖಲೆ ಸಿಕ್ಕರೆ ಪುಣ್ಯ. ಜಮೀನಿನ ವಾರಸಾ ನೋಂದಣಿಗಳಲ್ಲಿ ಗಂಡು ಸಂತಾನದ ಸಾಲು ಸಿಗುತ್ತದೆ. ಉತ್ತರ ಕರ್ನಾಟಕದಲ್ಲಿ ಹೆಳವರು ಇದ್ದಾರೆ. ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಮನೆತನದ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೇಳಿ, ಕಾಳು ಬಟ್ಟೆ ಪಡೆದು ಹೋಗುವುದು ಅವರ ಪರಂಪರೆ. ಹರಿದ್ವಾರ, ಗಯಾ, ನಾಸಿಕಗಳ ತೀರ್ಥಪುರೋಹಿತರು ಊರು, ಮನೆತನದ ಪ್ರಕಾರ ಯಾತ್ರಿಕರ ಹೆಸರುಗಳನ್ನು ವಹಿಗಳಲ್ಲಿ ಬರೆದಿಟ್ಟಿರುತ್ತಾರೆ. ಇವೆಲ್ಲದರ ಜೊತೆಗೆ, ಪ್ರತಿ ಬಳಗದಲ್ಲೂ ಇಂಥದೇ ಹುಚ್ಚಿನ ಒಬ್ಬಿಬ್ಬರು ಇರುತ್ತಾರೆ. ನನಗೆ ಮೂವರು ಸಿಕ್ಕರು. ಅಂಚೆ ಇಲಾಖೆಯಿಂದ ನಿವೃತ್ತರಾದ ಧಾರವಾಡದ ಹಿರಿಯರೊಬ್ಬರು, ಪುಣೆಯ ಬ್ಯಾಂಕ್ ಉದ್ಯೋಗಿ, ಅಮೆರಿಕದಲ್ಲಿರುವ ಎಂಜಿನಿಯರ್ ಒಬ್ಬ. ಒಬ್ಬರಿಗೊಬ್ಬರ ಪರಿಚಯವೇ ಇಲ್ಲದೆ ಮೂವರೂ ನಮ್ಮ ಬಳಗದ ಬೇರೆ ಬೇರೆ ಕೊಂಬೆಗಳನ್ನು ವರ್ಷಗಟ್ಟಲೆ ಬರೆದಿಟ್ಟಿದ್ದರು. ಹವ್ಯಾಸಿಗಳನ್ನು ಹಗುರವಾಗಿ ಕಾಣುವ ಚಾಳಿ ನಮ್ಮಂಥ ಪದವೀಧರರಿಗೆ ಇದೆ. ನನಗೂ ಇತ್ತು.

ಮೂರೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ತಾಳೆಯಾಗಲಿಲ್ಲ. ಮೊದಲ ತೊಡಕು ಹೆಸರಿನದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಪದ್ಧತಿ. ರಾಮಪ್ಪನ ಮಗ ಭೀಮಪ್ಪ, ಭೀಮಪ್ಪನ ಮಗ ರಾಮಪ್ಪ, ಅವನ ಮಗ ಮತ್ತೆ ಭೀಮಪ್ಪ. ಹಳೆಯ ಪತ್ರದಲ್ಲಿ 'ರಾಮಪ್ಪ ಬಿನ್ ಭೀಮಪ್ಪ' ಎಂದಿದ್ದರೆ ಅದು ಯಾವ ರಾಮಪ್ಪ? ಏಕರೂಪದ ಅಲೆಯ ತುಣುಕೊಂದನ್ನು ತೋರಿಸಿ ಇದು ಎಷ್ಟನೆಯ ಆವರ್ತ ಎಂದು ಕೇಳಿದಂತೆ. ಇಸವಿ ಇಲ್ಲದೆ ಉತ್ತರವಿಲ್ಲ. ಎರಡು ತಲೆಮಾರು ಬಿಟ್ಟುಹೋಗಿದ್ದರೂ ಸಾಲು ಸರಿಯಾಗಿಯೇ ಕಾಣಿಸುತ್ತದೆ.

ಎರಡನೆಯ ತೊಡಕು ಹೆಣ್ಣುಮಕ್ಕಳದು. ನಮ್ಮಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುತ್ತಿದ್ದರು. ತವರಿನ ಪಟ್ಟಿಯಲ್ಲಿರುವ ಗಂಗಾ, ಗಂಡನ ಮನೆಯ ಪಟ್ಟಿಯಲ್ಲಿ ರುಕ್ಮಿಣಿ. ಇಬ್ಬರೂ ಒಬ್ಬಳೇ ಎಂದು ಯಾವ ಕಾಗದವೂ ಹೇಳುವುದಿಲ್ಲ.

ಹುಡುಗನ ತಾಯಿಯ ವಿಚಾರದಲ್ಲಿ ಆಗಿದ್ದು ಇದೇ. ಆಕೆಯ ತಾಯಿ ಎಂದು ಎಲ್ಲರೂ ತಿಳಿದಿದ್ದವರು ಆಕೆಯ ತಂದೆಯ ಎರಡನೆಯ ಹೆಂಡತಿ. ಹಡೆದ ತಾಯಿ ಬಾಣಂತಿಯಾಗಿದ್ದಾಗಲೇ ತೀರಿಕೊಂಡಿದ್ದರು. ಮಗುವನ್ನು ಯಾರು ಸಾಕಬೇಕೆಂದು ಎರಡು ಮನೆಗಳ ನಡುವೆ ಮಾತು ಬೆಳೆದು ತವರಿನ ನಂಟು ಕಡಿದುಹೋಯಿತು. ಪುಣೆಯವರು ನಾಸಿಕದ ವಹಿಯಿಂದ ಮಾಡಿಕೊಂಡಿದ್ದ ನಕಲಿನಲ್ಲಿ, ಆ ಮನೆಯ ಯಜಮಾನರು ಯಾತ್ರೆಗೆ ಹೋದಾಗ ಬರೆಸಿದ ಸಾಲಿನಲ್ಲಿ ಇಬ್ಬರು ಹೆಂಡತಿಯರ ಹೆಸರೂ ಇತ್ತು. ಮೊದಲನೆಯಾಕೆಯ ಹೆಸರಿನ ಮುಂದೆ ತವರೂರು. ಧಾರವಾಡದ ಹಿರಿಯರ ಪುಸ್ತಕದಲ್ಲಿ ಅದೇ ಊರಿನ ಮನೆಯಲ್ಲಿ 'ಹೆರಿಗೆಯಲ್ಲಿ ತೀರಿದಳು' ಎಂಬ ಟಿಪ್ಪಣಿಯಿರುವ ಮಗಳೊಬ್ಬಳಿದ್ದಳು, ಬೇರೆ ಹೆಸರಿನಲ್ಲಿ. ಆಕೆ ನಮ್ಮ ಹುಡುಗಿಯ ತಾಯಿಯ ತಂದೆಗೆ ಸ್ವಂತ ತಂಗಿ!

ಈಗ ಲೆಕ್ಕ ನೋಡೋಣ. ಸ್ಯೂಯೆಲ್ ರೈಟ್ ಎಂಬ ಅಮೆರಿಕದ ತಳಿವಿಜ್ಞಾನಿ 1922ರಲ್ಲಿ ಕೊಟ್ಟ ವಿಧಾನ ಇದು. ತಂದೆಯಿಂದ ಹೊರಟು, ಇಬ್ಬರಿಗೂ ಸಮಾನನಾದ ಪೂರ್ವಜನ ತನಕ ಏರಿ, ಅಲ್ಲಿಂದ ತಾಯಿಯ ತನಕ ಇಳಿಯಿರಿ. ದಾರಿಯಲ್ಲಿ ಸಿಕ್ಕ ವ್ಯಕ್ತಿಗಳನ್ನು, ತಂದೆ ತಾಯಿಯನ್ನೂ ಸೇರಿಸಿ, ಎಣಿಸಿ. ಅಷ್ಟು ಸಲ ಅರ್ಧವನ್ನು ಅರ್ಧದಿಂದ ಗುಣಿಸಿ. ಇಂಥ ದಾರಿಗಳು ಎಷ್ಟಿವೆಯೋ ಅಷ್ಟನ್ನೂ ಕೂಡಿಸಿ. ಮಗುವಿನಲ್ಲಿ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನ ಒಂದೇ ಪ್ರತಿಯಿಂದ ಬಂದಿರುವ ಸಂಭವನೀಯತೆ ಅದು. ಸೋದರಮಾವನ ಮದುವೆಯಲ್ಲಿ ದಾರಿಯಲ್ಲಿ ನಾಲ್ವರು, ದಾರಿ ಎರಡು (ಸಮಾನ ಪೂರ್ವಜರು ಗಂಡ ಹೆಂಡತಿ ಇಬ್ಬರಲ್ಲವೇ?). ಹದಿನಾರನೇ ಒಂದು ಎರಡು ಸಲ, ಅಂದರೆ 1/8. ಅತ್ತೆಯ ಮಗ, ಮಾವನ ಮಗಳು ಆದರೆ 1/16. ಅವರ ಮಕ್ಕಳ ನಡುವೆ ಮದುವೆಯಾದರೆ 1/64. ನಮ್ಮ ಹುಡುಗ ಹುಡುಗಿಯದು ಮೊದಲು ತಿಳಿದಂತೆ 1/64 ಮಾತ್ರ. ಹೊಸದಾಗಿ ಸಿಕ್ಕ ದಾರಿಯಿಂದ ಇನ್ನೊಂದು 1/64. ಕೂಡಿಸಿದರೆ 1/32.

ಇದು ಗಾಬರಿಪಡುವ ಸಂಖ್ಯೆಯಲ್ಲ. ಸಂಬಂಧವಿಲ್ಲದ ದಂಪತಿಗಳ ಮಕ್ಕಳಲ್ಲೂ ನೂರಕ್ಕೆ ಎರಡು ಮೂರರಲ್ಲಿ ಹುಟ್ಟಿನ ಗಂಭೀರ ದೋಷ ಕಾಣುತ್ತದೆ. 1/16ರ ಮದುವೆಗಳಲ್ಲಿ ಅದಕ್ಕೆ ಇನ್ನೂ ಎರಡು ಮೂರು ಸೇರುತ್ತದೆ. ಆದರೆ ಇಲ್ಲಿ ಹೊಸ ದಾರಿ ಹಾದುಹೋಗುವುದು ಕಿವುಡು ಮಗುವಿನ ಕೊಂಬೆಯಲ್ಲೇ. ಆ ಹುಡುಗನ ಕಿವುಡುತನಕ್ಕೆ ಕಾರಣ ಜಿಜೆಬಿ-2 ಎಂಬ ಜೀನಿನ ಅಪ್ರಬಲ ದೋಷ ಎಂದು ವೈದ್ಯರು ಮೊದಲೇ ಗುರುತಿಸಿದ್ದರು. ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ತೊಂದರೆ. ಒಂದೇ ಕೆಟ್ಟಿದ್ದವರು ಬರಿಯ ವಾಹಕರು. ಸೋದರಮಾವ ವಾಹಕ. ಅವನಿಗೆ ಅದು ತಂದೆಯಿಂದ ಬಂದಿರುವ ಸಾಧ್ಯತೆ 1/2. ಹಾಗಿದ್ದಲ್ಲಿ ಹುಡುಗಿ ವಾಹಕಳಾಗಿರುವ ಸಾಧ್ಯತೆ 1/4, ತೀರಿಹೋದ ಅಜ್ಜಿಯ ಮೂಲಕ ಹುಡುಗನದು 1/8. ಇಬ್ಬರೂ ವಾಹಕರಾದರೆ ಮಗುವಿಗೆ ಬರುವ ಸಾಧ್ಯತೆ 1/4. ಎಲ್ಲವನ್ನೂ ಗುಣಿಸಿದರೆ 256ರಲ್ಲಿ ಒಂದು. ಮಲತಾಯಿಯನ್ನೇ ತಾಯಿ ಎಂದು ಬರೆದಿದ್ದ ಪಟ್ಟಿಯಲ್ಲಿ ಈ ದಾರಿಯ ಲೆಕ್ಕ ಸೊನ್ನೆ.

"ಕಾಗದ ಯಾಕೆ, ಡಿ.ಎನ್.ಎ. ಪರೀಕ್ಷೆ ಮಾಡಿಸಿದರೆ ಪೂರ್ವಜರೆಲ್ಲ ಗೊತ್ತಾಗುವುದಿಲ್ಲವೇ?" ಎಂದು ನೀವು ಕೇಳಬಹುದು. ಇಲ್ಲಿ ಒಂದು ಸ್ವಾರಸ್ಯವಿದೆ. ಡಿ.ಎನ್.ಎ. ನೀರಿನಂತೆ ಅರ್ಧರ್ಧ ಹಂಚಿಕೆಯಾಗುವುದಿಲ್ಲ. ತುಂಡುಗಳಾಗಿ ಬರುತ್ತದೆ. ಪ್ರತಿ ತಲೆಮಾರಿನಲ್ಲಿ ವರ್ಣತಂತುಗಳ ಜೋಡಿ ಅಲ್ಲಲ್ಲಿ ತುಂಡಾಗಿ ಅದಲುಬದಲಾಗುವುದು ಒಟ್ಟು ಮೂವತ್ತು ಚಿಲ್ಲರೆ ಕಡೆ ಮಾತ್ರ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಿಮ್ಮ ಡಿ.ಎನ್.ಎ. ಸುಮಾರು 640 ತುಂಡುಗಳಾಗಿ ಒಡೆದಿರುತ್ತದೆ. ಆದರೆ ಆ ತಲೆಮಾರಿನಲ್ಲಿ ಸ್ಥಾನಗಳು 1024! ಯಾರಿಗೆಷ್ಟು ತುಂಡು ಎಂಬುದು ಆಕಸ್ಮಿಕ. ಪ್ವಾಸಾನ್ ಸೂತ್ರ ಹಚ್ಚಿದರೆ ಅರ್ಧಕ್ಕೂ ಹೆಚ್ಚು ಪೂರ್ವಜರಿಂದ ನಿಮಗೆ ಒಂದು ತುಂಡೂ ಬಂದಿರುವುದಿಲ್ಲ. ವಂಶಾವಳಿಯಲ್ಲಿ ಇದ್ದಾರೆ, ರಕ್ತದಲ್ಲಿ ಇಲ್ಲ.

ತುಂಡಾಗದೆ ಬರುವ ಎರಡು ಎಳೆಗಳಿವೆ. ತಂದೆಯಿಂದ ಮಗನಿಗೆ ವೈ ವರ್ಣತಂತು, ತಾಯಿಯಿಂದ ಎಲ್ಲ ಮಕ್ಕಳಿಗೆ ಮೈಟೊಕಾಂಡ್ರಿಯದ ಡಿ.ಎನ್.ಎ. ಇವೆರಡರ ಬೆಲೆ ಏನೆಂದು ತೋರಿಸಿದ್ದು ಇಂಗ್ಲೆಂಡಿನ ದೊರೆ ಮೂರನೆಯ ರಿಚರ್ಡ್‌ನ ಪ್ರಕರಣ. 1485ರಲ್ಲಿ ಯುದ್ಧದಲ್ಲಿ ಸತ್ತ ಈತನದೆನ್ನಲಾದ ಅಸ್ಥಿಪಂಜರ 2012ರಲ್ಲಿ ಲೆಸ್ಟರ್ ನಗರದ ವಾಹನ ನಿಲ್ದಾಣವೊಂದರ ಕೆಳಗೆ ಸಿಕ್ಕಿತು. ಗುರುತು ಹಿಡಿಯುವುದು ಹೇಗೆ? ಜಾನ್ ಆಶ್‌ಡೌನ್-ಹಿಲ್ ಎಂಬ ಇತಿಹಾಸಕಾರ ಅದಕ್ಕೂ ಹಲವು ವರ್ಷ ಮೊದಲೇ ರಿಚರ್ಡ್‌ನ ಅಕ್ಕನಿಂದ ಹೆಣ್ಣಿನಿಂದ ಹೆಣ್ಣಿಗೆ ಇಳಿದ ಸಾಲನ್ನು ಹುಡುಕಿ, ಕೆನಡಾದ ಮಹಿಳೆಯೊಬ್ಬರ ತನಕ ತಲುಪಿದ್ದರು. ಆಕೆಯ ಮಗ ಮೈಕೆಲ್ ಇಬ್ಸೆನ್ ಲಂಡನ್ನಿನಲ್ಲಿ ಬಡಗಿ. ಅವರ ಮೈಟೊಕಾಂಡ್ರಿಯದ ಡಿ.ಎನ್.ಎ. ಅಸ್ಥಿಯದರ ಜೊತೆ ಪೂರ್ತಿ ಹೊಂದಿತು. 2015ರಲ್ಲಿ ದೊರೆಯನ್ನು ಮರುಸಮಾಧಿ ಮಾಡಿದಾಗ ಶವಪೆಟ್ಟಿಗೆ ಮಾಡಿದ್ದೂ ಇದೇ ಬಡಗಿ.

ಆದರೆ ಅದೇ ಅಧ್ಯಯನದಲ್ಲಿ ಗಂಡು ಸಾಲಿನಿಂದ ಬಂದವರೆಂದು ಶ್ರೀಮಂತ ಮನೆತನದ ದಾಖಲೆಗಳು ಹೇಳುವ ಐವರನ್ನು ಪರೀಕ್ಷಿಸಿದರೆ ಒಬ್ಬರ ವೈ ವರ್ಣತಂತುವೂ ಹೊಂದಲಿಲ್ಲ. ರಿಚರ್ಡ್‌ನಿಂದ ಮೇಲೇರಿ ಮತ್ತೆ ಕೆಳಗಿಳಿದು, ಆ ಐವರ ಸಮಾನ ಪೂರ್ವಜನವರೆಗೆ 19 ತಂದೆ-ಮಗ ಕೊಂಡಿಗಳು. ಪ್ರತಿ ಕೊಂಡಿಯಲ್ಲಿ ನೂರಕ್ಕೆ ಒಂದು ತಪ್ಪಿನ ಸಾಧ್ಯತೆ ಎಂದರೂ ಎಲ್ಲೋ ಒಂದು ಕಡೆ ಸರಪಣಿ ಕಡಿದಿರುವ ಸಾಧ್ಯತೆ ನೂರಕ್ಕೆ 17. ಎರಡು ಎಂದರೆ 32. ಪ್ರಯೋಗಾಲಯದಲ್ಲಿ ಸಣ್ಣ ದೋಷಗಳು ಕೂಡಿಕೊಂಡು ದೊಡ್ಡದಾಗುವುದನ್ನು ಹೇಳಿಕೊಡುವ ನಮಗೆ ಇದು ಆಶ್ಚರ್ಯವಲ್ಲ. ಇಪ್ಪತ್ತು ತಲೆಮಾರಿನ ಗಂಡುಸಾಲು ಹೇಳಿ ಮೀಸೆ ತಿರುವುವವರು ಈ ಗುಣಾಕಾರ ಮಾಡಿ ನೋಡಬೇಕು.

ನಮ್ಮ ಪ್ರಕರಣದಲ್ಲಿ ಈ ಎರಡು ಎಳೆಗಳೂ ಕೆಲಸಕ್ಕೆ ಬರಲಿಲ್ಲ. ಅಣ್ಣ ತನ್ನ ಮೈಟೊಕಾಂಡ್ರಿಯವನ್ನು ಮಗಳಿಗೆ ದಾಟಿಸುವುದಿಲ್ಲ. ತಂಗಿಗೆ ವೈ ಇಲ್ಲ. ಉಳಿದದ್ದು ತುಂಡುಗಳ ಲೆಕ್ಕ. ವಹಿ ನಿಜವಾದರೆ ಹುಡುಗನ ತಾಯಿ, ಹುಡುಗಿಯ ತಾಯಿ ಸೋದರತ್ತೆ ಸೋದರಮಾವಂದಿರ ಮಕ್ಕಳು, ಡಿ.ಎನ್.ಎ. ಸರಾಸರಿ ಎಂಟನೇ ಒಂದು ಭಾಗ ಸಮಾನವಾಗಿರಬೇಕು. ಇಬ್ಬರೂ ಜೊಲ್ಲಿನ ಮಾದರಿ ಕೊಟ್ಟರು. ಉತ್ತರ ಎಂಟನೇ ಒಂದಕ್ಕಿಂತ ತುಸು ಹೆಚ್ಚು. ಆ 'ತುಸು ಹೆಚ್ಚು' ಕೂಡ ಅರ್ಥವಾಗುವಂಥದೇ. ತಲತಲಾಂತರದಿಂದ ಒಳಗೊಳಗೇ ಮದುವೆಯಾಗುವ ಬಳಗಗಳಲ್ಲಿ ಹತ್ತಾರು ದೂರದ ದಾರಿಗಳಿಂದ ಸಣ್ಣ ತುಂಡುಗಳು ಬಂದು ಸೇರುತ್ತವೆ. ಇದಕ್ಕಾಗಿಯೇ ನಮ್ಮವರ ವಿಷಯದಲ್ಲಿ ಪರೀಕ್ಷಾ ಸಂಸ್ಥೆಗಳು ನೆಂಟಸ್ತಿಕೆಯನ್ನು ಇರುವುದಕ್ಕಿಂತ ಹತ್ತಿರ ಎಂದು ಹೇಳಿಬಿಡಬಹುದು. ದೊಡ್ಡ ತುಂಡುಗಳು ಎಷ್ಟಿವೆ ಎಂದು ನೋಡಬೇಕು, ಬರೀ ಮೊತ್ತವನ್ನಲ್ಲ.

ಒಂದು ಎಚ್ಚರಿಕೆ. ನೀವು ಮಾದರಿ ಕೊಟ್ಟರೆ ನಿಮ್ಮದಷ್ಟೇ ಅಲ್ಲ, ಅಣ್ಣತಮ್ಮಂದಿರ, ಇನ್ನೂ ಹುಟ್ಟದ ಮೊಮ್ಮಕ್ಕಳ ಮಾಹಿತಿಯನ್ನೂ ಕೊಟ್ಟಂತೆ. ಹವ್ಯಾಸಿಗಳಿಬ್ಬರು 2010ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಜೆಡ್‌ಮ್ಯಾಚ್ ಎಂಬ ಸಂಗ್ರಹದಿಂದಲೇ 2018ರಲ್ಲಿ ದಶಕಗಳ ಹಿಂದಿನ ಸರಣಿ ಕೊಲೆಗಾರನೊಬ್ಬ ಸಿಕ್ಕಿಬಿದ್ದ. ಅವನು ಎಂದೂ ಅಲ್ಲಿಗೆ ಮಾದರಿ ಕೊಟ್ಟವನಲ್ಲ. ದೂರದ ನೆಂಟರು ಕೊಟ್ಟಿದ್ದರು. ಅಲ್ಲಿ ಒಳ್ಳೆಯದೇ ಆಯಿತು. ಆದರೆ ಮಲತಾಯಿಯಂಥ ಗುಟ್ಟುಗಳು ಹೊರಬರುವುದೂ ಇದೇ ದಾರಿಯಲ್ಲಿ. ಕೇಳಿ, ಒಪ್ಪಿಗೆ ಪಡೆದು ಮುಂದುವರಿಯಿರಿ. ನಿಮ್ಮ ಮನೆಯ ಪಟ್ಟಿ ಬರೆಯುವಾಗ ಹೆಣ್ಣುಮಕ್ಕಳ ತವರಿನ ಹೆಸರು, ಊರು, ಅಂದಾಜಿನ ಇಸವಿ, ಮತ್ತು ಆ ಮಾತನ್ನು ಯಾರು ಹೇಳಿದರು ಎಂಬುದನ್ನು ತಪ್ಪದೆ ದಾಖಲಿಸಿ. ಯಾರಿಗೆ ಯಾವ ಕಾಯಿಲೆ ಇತ್ತು ಎಂಬುದನ್ನು ಸಂಕೋಚವಿಲ್ಲದೆ ಬರೆಯಿರಿ.

ಹುಡುಗಿ ಆ ದೋಷಕ್ಕಾಗಿ ರಕ್ತಪರೀಕ್ಷೆ ಮಾಡಿಸಿಕೊಂಡಳು. ಆಕೆ ವಾಹಕಳಲ್ಲ. ಆ ದಾರಿಯ 256ರಲ್ಲಿ ಒಂದು ಅಳಿಸಿಹೋಯಿತು. ಬೇರೆ ಜೀನುಗಳ ಮಾತು ಉಳಿದೇ ಇದೆ, ಅದನ್ನು ಅವರಿಬ್ಬರೂ ತಿಳಿದವರಿಂದ ಕೇಳಿಕೊಂಡಿದ್ದಾರೆ. ಮದುವೆ ಕಳೆದ ಮಾಘದಲ್ಲಿ ಆಯಿತು. ಮಂಟಪದಲ್ಲಿ ಧಾರವಾಡದ ಹಿರಿಯರು ಹುಡುಗನ ತಾಯಿಯ ಕೈಗೆ ಒಂದು ಲಕೋಟೆ ಕೊಟ್ಟರು. ತವರಿನವರ ಹಳೆಯ ಟ್ರಂಕಿನಲ್ಲಿ ಸಿಕ್ಕಿದ್ದ ಗುಂಪು ಫೋಟೋದ ಪ್ರತಿ ಅದು. ಎರಡನೆಯ ಸಾಲಿನಲ್ಲಿ ಎಡದಿಂದ ಮೂರನೆಯವರು ಆಕೆಯ ತಾಯಿ. ಅರವತ್ತು ದಾಟಿದ ಆಕೆ ಹಡೆದವಳ ಮುಖ ನೋಡಿದ್ದು ಅದೇ ಮೊದಲು.