ಹಳೇ ಕಾರು ನಡುದಾರಿಯಲ್ಲಿ ನಿಂತರೆ ತಪ್ಪು ಎಥೆನಾಲ್‌ನದೋ, ಕಾರ್ಬ್ಯುರೇಟರ್‌ನದೋ?

ರಾಮನಗರ–ಚನ್ನಪಟ್ಟಣ ನಡುವಿನ ಕೆಂಗಲ್‌ನಿಂದ ಓದುಗರೊಬ್ಬರು ಒಂದು ಫಾರ್ವರ್ಡ್ ಕಳಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಇ20 ಪೆಟ್ರೋಲ್ ಹಾಕಿದರೆ ಹಳೇ ಗಾಡಿಯ ಕಾರ್ಬ್ಯುರೇಟರ್ ಕೆಟ್ಟಂತೆಯೇ, ಕೂಡಲೇ ಹೊಸದು ಹಾಕಿಸಿ ಎಂಬುದು ಅದರ ಸಾರ. ಅವರು ಈಚೆಗೆ ಹಳೆಯ ಪ್ರೀಮಿಯರ್ ಪದ್ಮಿನಿ ಕೊಂಡಿದ್ದಾರೆ. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುವ ಗಾಡಿ ಹಳೇ ಮೈಸೂರು ರಸ್ತೆಯಲ್ಲಿ ಹದಿನೈದು ನಿಮಿಷ ಓಡಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತದೆ. ಮೆಕ್ಯಾನಿಕ್ ಕೂಡ ಕಾರ್ಬ್ಯುರೇಟರ್ ಬದಲಿಸಿ ಎಂದಿದ್ದಾರಂತೆ.

ಆ ಖರ್ಚಿಗೆ ಮುನ್ನ ಒಂದು ಬಿಟ್ಟಿ ಪರೀಕ್ಷೆ ಇದೆ. ಗಾಡಿ ನಿಂತ ಕೂಡಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ. 'ಸುಸ್' ಎಂದು ಗಾಳಿ ಒಳಗೆ ನುಗ್ಗಿ, ಆಮೇಲೆ ಗಾಡಿ ಸ್ಟಾರ್ಟ್ ಆದರೆ ದೋಷ ಟ್ಯಾಂಕಿನ ಗಾಳಿಕಿಂಡಿಯಲ್ಲಿದೆ. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಕಿಂಡಿ ಕಟ್ಟಿಕೊಂಡಿದ್ದರೆ ಟ್ಯಾಂಕಿನೊಳಗೆ ಒತ್ತಡ ಇಳಿದು, ಪಂಪ್ ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಕಾರ್ಬ್ಯುರೇಟರ್ ಬದಲಿಸಿದರೂ ಗಾಡಿ ಅದೇ ಜಾಗದಲ್ಲಿ ನಿಲ್ಲುತ್ತದೆ.

ಮುಚ್ಚಳ ತೆರೆದರೂ ಪ್ರಯೋಜನವಾಗದಿದ್ದರೆ ಸ್ಪಾರ್ಕ್ ಬರುತ್ತಿದೆಯೇ ನೋಡಿಸಿ. ಬಿಸಿಯಾದಾಗ ಕೈಕೊಡುವ ಕಂಡೆನ್ಸರ್ ಅಥವಾ ಕಾಯಿಲ್ ಕೂಡ ಗಾಡಿಯನ್ನು ಹೀಗೇ ನಿಲ್ಲಿಸುತ್ತವೆ. ಬೈಗುಳ ಮಾತ್ರ ಕಾರ್ಬ್ಯುರೇಟರ್‌ಗೆ. ಸ್ಪಾರ್ಕ್ ಸರಿಯಿದ್ದರೆ ಪೆಟ್ರೋಲ್ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ. ಹಳೇ ಟ್ಯಾಕ್ಸಿ ಚಾಲಕರ ಈ ಉಪಾಯ ಮೂಢನಂಬಿಕೆಯಲ್ಲ: ಎಂಜಿನ್ ಕಾವಿಗೆ ಪಂಪ್, ಪೈಪಿನೊಳಗಿನ ಪೆಟ್ರೋಲ್ ಕುದಿದು ಆವಿಯಾದರೆ ಪಂಪಿಗೆ ಆ ಆವಿಯನ್ನು ತಳ್ಳಲಾಗದು. ತಣ್ಣಗಾದರೆ ಮತ್ತೆ ದ್ರವವಾಗುತ್ತದೆ.

ಹಾಗಾದರೆ ಎಥೆನಾಲ್ ಪಾತ್ರ ಏನೂ ಇಲ್ಲವೇ? ಇದೆ, ಫಾರ್ವರ್ಡ್ ಹೇಳುವ ರೀತಿಯಲ್ಲಲ್ಲ. ಇ20 ಎಂದರೆ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಇದಕ್ಕೆ ಚಾಲನೆ ಸಿಕ್ಕಿತು. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಹೊಸ ಕಾರುಗಳ ಕಂಪ್ಯೂಟರ್ ಈ ವ್ಯತ್ಯಾಸವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಕಾರ್ಬ್ಯುರೇಟರ್‌ನ ಜೆಟ್ ಎಂಬುದು ಹಿತ್ತಾಳೆಯಲ್ಲಿ ಕೊರೆದ ತೂತು, ಅದು ತಾನಾಗಿ ಹಿಗ್ಗುವುದಿಲ್ಲ. ಹಾಗಾಗಿ ಮಿಶ್ರಣದಲ್ಲಿ ಗಾಳಿ ತುಸು ಹೆಚ್ಚಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆಗಳು ಎರಡು. ಎಥೆನಾಲ್ ಹಳೇ ಟ್ಯಾಂಕಿನ ಗೋಡೆಗೆ ಅಂಟಿದ ಜಿಗುಟನ್ನು ಕರಗಿಸಿ ತಂದು ಫಿಲ್ಟರ್, ಜೆಟ್‌ಗಳಿಗೆ ತುಂಬುತ್ತದೆ. ಹಳೇ ರಬ್ಬರ್ ಹೋಸ್, ಡಯಾಫ್ರಮ್‌ಗಳನ್ನು ಊದಿಸಿ ಬಿರುಕುಬಿಡಿಸುತ್ತದೆ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಗಾಡಿ ಕೊಂಡವರು ಮೊದಲು ಹಣ ಹಾಕಬೇಕಾದ್ದು ಹೊಸ ಫಿಲ್ಟರ್‌ಗೆ, ಎಥೆನಾಲ್ ತಾಳುವ ಹೋಸ್‌ಗೆ, ಟ್ಯಾಂಕ್ ತೊಳೆಸುವುದಕ್ಕೆ.

ಕಾರ್ಬ್ಯುರೇಟರ್ ನಿಜಕ್ಕೂ ಕೆಟ್ಟಿದ್ದರೆ ಲಕ್ಷಣಗಳೇ ಹೇಳುತ್ತವೆ. ಐಡ್ಲಿಂಗ್‌ನಲ್ಲಿ ನಡುಗಿ, ವೇಗದಲ್ಲಿ ಸರಿಯಾಗಿ ಓಡಿದರೆ ಐಡಲ್ ಜೆಟ್ ಕಟ್ಟಿದೆ. ಐಡ್ಲಿಂಗ್ ಚೆನ್ನಾಗಿದ್ದು ಏರಿನಲ್ಲಿ ಎಳೆಯದಿದ್ದರೆ ಮೇನ್ ಜೆಟ್ ಅಥವಾ ಫಿಲ್ಟರ್ ನೋಡಿ. ಚೋಕ್ ಎಳೆದಾಗ ಮಾತ್ರ ಸುಧಾರಿಸುತ್ತದೆಯೇ? ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಗಾಳಿ ಸೋರುತ್ತಿದೆ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮಸಿ ಹಿಡಿದ ಪ್ಲಗ್ ಮೂರೂ ಸೇರಿದರೆ ಫ್ಲೋಟ್ ತೂತಾಗಿರಬಹುದು, ಇಲ್ಲವೇ ನೀಡಲ್ ವಾಲ್ವ್ ಮುಚ್ಚುತ್ತಿಲ್ಲ. ಇವುಗಳಲ್ಲಿ ಹೆಚ್ಚಿನವು ಬಿಚ್ಚಿ ತೊಳೆದು ರಿಪೇರಿ ಕಿಟ್ ಹಾಕಿದರೆ ಸರಿಹೋಗುತ್ತವೆ. ಹಳೇ ಅಸಲಿ ಕಾರ್ಬ್ಯುರೇಟರ್ ಕೊಟ್ಟು ಹೆಸರಿಲ್ಲದ ಹೊಸದನ್ನು ತರುವುದು ನಮ್ಮ ದೃಷ್ಟಿಯಲ್ಲಿ ಕೊನೆಯ ಆಯ್ಕೆ.

ಇನ್ನೊಂದು ವಿಡಿಯೊ ಕೂಡ ಆಗಾಗ ಬರುತ್ತದೆ: ಬಾಟಲಿಯ ಪೆಟ್ರೋಲ್‌ಗೆ ನೀರು ಹಾಕಿ ಕುಲುಕಿ, ತಳದ ಪದರ ಹೆಚ್ಚಿದ್ದನ್ನು ತೋರಿಸಿ 'ಬಂಕಿನವರು ನೀರು ಬೆರೆಸಿದ್ದಾರೆ' ಎನ್ನುವುದು. ಎಥೆನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಸೇರುವುದರಿಂದ ಆ ಪದರ ಹೆಚ್ಚುತ್ತದೆ; ಅದು ಕಲಬೆರಕೆಗೆ ಸಾಕ್ಷಿಯಲ್ಲ. ಆದರೆ ನೀರು ಹಾಕದೆಯೇ, ಟ್ಯಾಂಕಿನಿಂದ ತೆಗೆದ ಪೆಟ್ರೋಲ್ ಎರಡು ಪದರವಾಗಿ ನಿಂತರೆ ಟ್ಯಾಂಕಿಗೆ ನೀರು ಸೇರಿದೆ ಎಂದೇ ಅರ್ಥ. ಅದನ್ನು ಪೂರ್ತಿ ಖಾಲಿ ಮಾಡಿಸಬೇಕು.

ಒಂದು ಕೆಲಸ ಮಾತ್ರ ಯಾರು ಹೇಳಿದರೂ ಬೇಡ. ಸ್ಟಾರ್ಟ್ ಆಗಲಿಲ್ಲವೆಂದು ಕಾರ್ಬ್ಯುರೇಟರ್ ಬಾಯಿಗೆ ಬಾಟಲಿಯಿಂದ ಪೆಟ್ರೋಲ್ ಸುರಿಯುತ್ತಾ ಸೆಲ್ಫ್ ಹೊಡೆಯುವುದು. ಎಂಜಿನ್ ಒಮ್ಮೆ ಹಿಂದಕ್ಕೆ ಕೆಮ್ಮಿದರೆ ಬೆಂಕಿ ನೇರ ಕೈಯಲ್ಲಿರುವ ಬಾಟಲಿಗೆ ಬರುತ್ತದೆ. ಪೈಪ್ ಹಾಕಿ ಬಾಯಿಂದ ಪೆಟ್ರೋಲ್ ಎಳೆಯುವುದೂ ಬೇಡ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ನ್ಯುಮೋನಿಯಾ ಆಗಬಹುದು. ಹಾಗೇನಾದರೂ ಒಳಗೆ ಹೋದರೆ ವಾಂತಿ ಮಾಡಿಸದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.